ಶಿಳ್ಳೆ ಹೊಡೆಯುವ ಜಾಗ

ಶಿಂಷಾ ಆರ್ಕೆಸ್ಟ್ರಾದವರು ಪ್ರತಿ ಕಾರ್ಯಕ್ರಮದ ಕೊನೆಗೆ ಮಾತಿಲ್ಲದ ಒಂದು ಹಾಡು ನುಡಿಸುತ್ತಿದ್ದರು. ಗಾಯಕರು ಮೈಕು ಇಟ್ಟು ಹಿಂದೆ ಹೋಗಿ ಕೂರುತ್ತಿದ್ದರು. ಉಳಿಯುತ್ತಿದ್ದುದು ಕೀಬೋರ್ಡ್, ಗಿಟಾರ್, ಡೋಲಕ್, ಡ್ರಮ್ಸ್. ಏನು ನುಡಿಸಬೇಕೆಂದು ಮೊದಲೇ ಮಾತಾಡಿಕೊಳ್ಳುತ್ತಿರಲಿಲ್ಲ. ಒಬ್ಬ ಎಳೆದ ಕಡೆ ಉಳಿದವರು ಹೋಗುತ್ತಿದ್ದರು. ಜನ ಅದನ್ನು ‘ಉದ್ದದ್ದು’ ಎನ್ನುತ್ತಿದ್ದರು. ಅದು ಶುರುವಾದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಿದ್ದರು. ಅರುಣಾ ಬರುತ್ತಿದ್ದುದೇ ಅದಕ್ಕೆ.

ಪಿಯುಸಿಯಲ್ಲಿದ್ದಾಗ ಗುಬ್ಬಿಯ ಗಣೇಶನ ಪೆಂಡಾಲಿನಲ್ಲಿ ಅವಳು ಮೊದಲ ಸಲ ಕೇಳಿದ್ದಳು. ಡ್ರಮ್ಸ್ ಸುತ್ತಿ ಸುತ್ತಿ ಒಂದು ಕಡೆ ಬಂದು ಉಸಿರು ಹಿಡಿದಂತಾದಾಗ, ತಡೆಯಲಾರದೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಡ್ರಮ್ಸ್‌ನ ಹನುಮಂತರಾಜು ಎರಡೂ ಕೈ ಎತ್ತಿ ಒಂದೇ ಏಟು ಹಾಕಿ ಮುಗಿಸಿಬಿಟ್ಟ. ಹೆಣ್ಣುಹುಡುಗಿ ಶಿಳ್ಳೆ ಹೊಡೆದಳೆಂದು ಮನೆಯಲ್ಲಿ ಸರಿಯಾಗಿ ಬೈಗುಳ ಬಿತ್ತು. ಆದರೆ ಅಲ್ಲಿಂದ ಮುಂದೆ ಅವಳಿದ್ದ ಕಡೆಯೆಲ್ಲ ಉದ್ದದ್ದು ಮುಗಿಯುತ್ತಿದ್ದುದು ಅವಳ ಶಿಳ್ಳೆಗೇ. ಮದುವೆಯಾಯಿತು, ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು, ಮಗಳು ತನುಶ್ರೀ ಡಿಗ್ರಿಗೆ ಬಂದಳು. ಶಿಳ್ಳೆ ಮಾತ್ರ ನಿಲ್ಲಲಿಲ್ಲ.

ಈ ಸಲದ ಕಾರ್ಯಕ್ರಮ ಹನುಮಂತರಾಜುವಿನ ಚಿಕಿತ್ಸೆಗೆಂದೇ ಇಟ್ಟದ್ದು. ಚಳಿಗಾಲದಲ್ಲಿ ಅವನಿಗೆ ಸ್ಟ್ರೋಕ್ ಆಗಿತ್ತು. ಮಾತು, ನಡಿಗೆ ಸರಿಹೋದವು, ಎಡಗೈ ಮಾತ್ರ ಸರಿಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಕುಣಿಗಲ್‌ನ ಒಂದು ಕಲ್ಯಾಣಮಂಟಪದಲ್ಲಿ ಕಾರ್ಯಕ್ರಮ. ತಾಯಿ, ಮಗಳು ತುಮಕೂರಿನಿಂದ ಬಸ್ಸಿನಲ್ಲಿ ಬಂದು ಇಳಿಯುವಷ್ಟರಲ್ಲಿ ಕೀಬೋರ್ಡಿನ ಅಂಜನ್‌ಕುಮಾರ್ ಬಾಗಿಲಲ್ಲೇ ಕಾಯುತ್ತಿದ್ದ. ತಂಡ ಕಟ್ಟಿದವನು ಅವನೇ.

“ಅರುಣಾ, ರಾಜು ಉದ್ದದ್ದಕ್ಕೆ ಕೂತ್ಕೊಂತೀನಿ ಅಂತ ಹಟ ಹಿಡ್ದವ್ನೆ. ಬ್ಯಾಡ ಅಂದ್ರೆ ಕೇಳಂಗಿಲ್ಲ. ಶುರುವಾದ ತಕ್ಷಣ ಶಿಳ್ಳೆ ಹೊಡ್ದ್‌ಬುಡಮ್ಮ. ಮಾನವಾಗಿ ಮುಗಿದೋಗ್ಲಿ.”

“ತಕ್ಷಣ ಹೊಡೆದ್ರೆ ಗೊತ್ತಾಗಲ್ವಾ ಅವ್ರಿಗೆ?”

“ಗೊತ್ತಾದ್ರೆ ಆಗ್ಲಿ. ಜನದ ಮುಂದೆ ಕೈ ಕೊಟ್ರೆ ಅವನು ಇನ್ನೊಂದ್ಸಲ ಸ್ಟೇಜ್ ಹತ್ತಲ್ಲ ಕಣಮ್ಮ. ನಂಗೆ ಗೊತ್ತು ಅವನ ಬುದ್ಧಿ.”

ಹನುಮಂತರಾಜು ಊಟದ ಹಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಹುತ್ರಿದುರ್ಗದಿಂದ ಬಂದಿದ್ದ ಅವನ ತಾಯಿ ಪುಟ್ಟಗಂಗಮ್ಮ ಚಪಾತಿ ಹರಿದು ಕೊಡುತ್ತಿದ್ದರು. ಅರುಣಾಳನ್ನು ಕಂಡವನೇ ತಟ್ಟೆಯನ್ನು ಆಚೆಗೆ ತಳ್ಳಿದ.

“ಅಂಜನ್ ನಿನ್ನ ಕಿವೀಲಿ ಏನೋ ಊದಿರ್ಬೇಕಲ್ಲ?”

“ಊದಿದ್ರು ರಾಜಣ್ಣ.”

“ನನ್ನ ಕೈ ನೋಡಿ ಶಿಳ್ಳೆ ಹೊಡೀಬ್ಯಾಡ. ಕೇಳಿಸ್ಕೊಂಡು ಹೊಡಿ. ಮುಗಿಸೋ ಜಾಗ ಬರ್ದೆ ಹೋದ್ರೆ ಹೊಡೀಲೇಬ್ಯಾಡ. ಕರುಣೆ ತೋರ್ಸಕ್ಕೆ ಹೊರಗೆ ಡಬ್ಬಿ ಇಟ್ಟವ್ರೆ, ಅಲ್ಲಿ ಹಾಕು.”

“ಬಾಯಿ ನೋಡು,” ಎಂದರು ಪುಟ್ಟಗಂಗಮ್ಮ. “ಕೈ ಹೋದ್ರೂ ಇದು ಹೋಗ್ಲಿಲ್ಲ.”

ಹಾಡುಗಳು ಮುಗಿದವು. ಡ್ರಮ್ಸ್‌ಗೆ ಕೂತಿದ್ದ ಬಾಡಿಗೆ ಹುಡುಗ ಎದ್ದ. ಹನುಮಂತರಾಜು ಕೂತ. ಯಾರೂ ಎದ್ದು ಹೋಗಲಿಲ್ಲ. ಮೊಬೈಲುಗಳು ಮೇಲೆದ್ದವು. ಅರುಣಾ ಮುಂದಿನ ಸಾಲಿನಲ್ಲಿ ನಿಂತು ಅವನ ಎಡಗೈಯನ್ನೇ ನೋಡಿದಳು. ಕೋಲು ಬೆರಳುಗಳ ನಡುವೆ ಜಾರುತ್ತಿತ್ತು. ಹೀಗೆ ನೋಡುತ್ತಿದ್ದರೆ ಈಗಲೇ ಶಿಳ್ಳೆ ಹೊಡೆಯುತ್ತೇನೆ ಅನ್ನಿಸಿತು. ಸ್ಟೇಜಿಗೆ ಬೆನ್ನು ತಿರುಗಿಸಿ ನಿಂತಳು.

“ಅಮ್ಮ, ಏನ್ ಮಾಡ್ತಿದೀಯ? ಎಲ್ರೂ ನಿನ್ನೇ ನೋಡ್ತಾವ್ರೆ,” ಎಂದಳು ತನುಶ್ರೀ.

“ನೋಡ್ಲಿ.”

ಕೇಳಿಸಿದ್ದು ಚೆನ್ನಾಗಿರಲಿಲ್ಲ. ಡ್ರಮ್ಸ್ ಹಿಂದೆ ಬೀಳುತ್ತಿತ್ತು. ಡೋಲಕ್ಕಿನವನು ಮುಚ್ಚಿಹಾಕಲು ಜೋರು ಮಾಡುತ್ತಿದ್ದ. ಏನೋ ಕೆಳಗೆ ಬಿದ್ದ ಸದ್ದಾಯಿತು. ಎದುರಿನ ಜನ ಒಟ್ಟಿಗೆ ಮುಖ ಸಿಂಡರಿಸಿದರು. ಪುಟ್ಟಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅಮ್ಮ, ಸ್ಟಿಕ್ ಬಿತ್ತು.”

“ನಂಗೆ ಹೇಳ್ಬೇಡ ಕಣೇ.”

“ಅಂಜನ್ ಅಂಕಲ್ ಸನ್ನೆ ಮಾಡ್ತಾವ್ರೆ.”

ಕೀಬೋರ್ಡ್ ಮೇಲೇರತೊಡಗಿತು. ಮುಗಿಯುವ ಮುಂಚೆ ಅಂಜನ್ ಯಾವಾಗಲೂ ಹಾಗೆಯೇ ಏರುತ್ತಿದ್ದ. ಅರುಣಾಳ ಬೆರಳುಗಳು ಬಾಯಿಗೆ ಹೋದವು. ಆದರೆ ಏರಿದ್ದು ಕೀಬೋರ್ಡ್ ಒಂದೇ. ಡ್ರಮ್ಸ್ ಇನ್ನೂ ಕೆಳಗೇ ಇತ್ತು, ಎಲ್ಲಿಗೂ ಬಂದಿರಲಿಲ್ಲ. ತನ್ನಿಂದ ಶಿಳ್ಳೆ ಹೊಡೆಸಲು ಅಂಜನ್ ಹೂಡಿದ ಉಪಾಯ ಇದು ಎಂದು ಗೊತ್ತಾಯಿತು. ಬೆರಳು ತೆಗೆದಳು. ಕೀಬೋರ್ಡ್ ಮೇಲೆ ಹೋಗಿ, ಯಾರೂ ಬರದೆ, ಒಂಟಿಯಾಗಿ ನಿಂತುಬಿಟ್ಟಿತು.

ಆಮೇಲೆ ಅವಳು ಡ್ರಮ್ಸ್ ಒಂದನ್ನೇ ಕೇಳಿಸಿಕೊಂಡಳು. ಬಲಗೈ, ಬಲಗಾಲು ಅಷ್ಟೇ. ಎಡಗೈ ಹಾಕುತ್ತಿದ್ದ ಏಟನ್ನು ಕಾಲು ಹಾಕುತ್ತಿತ್ತು, ಸ್ವಲ್ಪ ತಡವಾಗಿ, ಆದರೆ ಪ್ರತಿ ಸಲವೂ ಅಷ್ಟೇ ತಡವಾಗಿ. ಕಾಲಿಗೆ ಆಗದ ಕಡೆ ಹನುಮಂತರಾಜು ಖಾಲಿ ಬಿಡುತ್ತಿದ್ದ. ಗಿಟಾರಿನವನಿಗೆ ಅದು ಮೊದಲು ತಿಳಿಯಿತು. ಅವನೂ ಅದೇ ಕಡೆ ಬಿಡಲು ಶುರುಮಾಡಿದ. ಡೋಲಕ್ ಜೋರು ಇಳಿಸಿತು. ಕೊನೆಗೆ ಅಂಜನ್ನೂ ಇಳಿದು ಬಂದ. ಹಳೆಯ ಉದ್ದದ್ದರಷ್ಟು ಚೆನ್ನಾಗಿರಲಿಲ್ಲ. ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ನಾಲ್ವರೂ ಒಟ್ಟಿಗಿದ್ದರು. ಸುತ್ತು ನಿಧಾನವಾಗಿ ತಿರುಗಿ, ನಡುವೆ ಒಂದು ಹಲ್ಲು ಬಿದ್ದಂತೆ ಜಾಗ ಬಿಟ್ಟು, ಮೊದಲಿನ ಆ ಜಾಗಕ್ಕೇ ಬಂದು ಉಸಿರು ಹಿಡಿಯಿತು.

ಅರುಣಾ ಶಿಳ್ಳೆ ಹೊಡೆದಳು.

ಏಟು ಬಿತ್ತು. ಮೊದಲು ಕೈ, ಹಿಂದೆಯೇ ಕಾಲು. ಎರಡೂ ಸೇರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಅವಳು ಸ್ಟೇಜಿನ ಹಿಂದಕ್ಕೆ ಹೋದಳು. ಹನುಮಂತರಾಜು ಬೆವರು ಸುರಿಸುತ್ತ ಕುರ್ಚಿಯಲ್ಲಿ ಕೂತಿದ್ದ. ಅಂಗಿಯ ಬಲತೋಳಿನ ಗುಂಡಿಯನ್ನು ಎಡಗೈಯಿಂದ ಹಾಕಲು ನೋಡುತ್ತಿದ್ದ.

“ಕೊನೇ ಏಟು ಒಡೀತು, ಅಲ್ವಾ?”

“ಒಡೀತು.”

“ಜಾಗ?”

“ಜಾಗ ಬಂತು. ಬರ್ದೆ ಹೊಡೀತಿದ್ನಾ?”

ಅವನು ತಲೆಯಾಡಿಸಿದ. “ಗುಬ್ಬಿ ಗಣೇಶನ ಹೊತ್ಗೆ ಕೊನೇದನ್ನೂ ಸರಿ ಮಾಡ್ತೀನಿ.”

ವೈರು ಸುತ್ತುತ್ತಿದ್ದ ಅಂಜನ್‌ಕುಮಾರ್ ತಲೆ ಎತ್ತಲಿಲ್ಲ. “ಗುಬ್ಬೀಗೆ ಆ ಹುಡುಗನ್ನೇ ಒಪ್ಸಿದೀನಿ. ಪೂರ್ತಿ ಸೀಸನ್‌ಗೆ.”

ಹನುಮಂತರಾಜುವಿನ ಕೈ ಗುಂಡಿಯ ಮೇಲೆ ನಿಂತಿತು.

“ಹಾಡಿಗೆಲ್ಲ ಅವ್ನೇ,” ಎಂದ ಅಂಜನ್. “ಉದ್ದದ್ದು ಅವನಿಗೆ ಬರಲ್ಲ. ಅದಕ್ಕೆ ನೀನು ಬಂದು ಕೂತ್ಕೊ.”

“ಅಷ್ಟೇನಾ?”

“ಅಷ್ಟೇ ಕಣ್ಲಾ. ಬ್ಯಾಡ್ವಾದ್ರೆ ಹೇಳು.”

“ಬ್ಯಾಡ ಅಂದ್ನಾ?”

ಅವನು ಮತ್ತೆ ಗುಂಡಿಗೆ ಕೈ ಹಾಕಿದ. ತನುಶ್ರೀ ಸಹಾಯಕ್ಕೆ ಬಾಗಿದಳು. ಅರುಣಾ ಮಗಳ ತೋಳು ಹಿಡಿದು ಹಿಂದಕ್ಕೆಳೆದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಗುಂಡಿ ಹಾಕಿ ಮುಗಿಸುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.