ಅಂಚಿನ ನಾಲ್ಕು ಬೆರಳು

"ಇದರಲ್ಲಿ ಹಳೇ ಕ್ಯಾಸೆಟ್ ಹಾಕಿದ್ರೆ ಮುಖ ಚೆನ್ನಾಗಿ ಕಾಣುತ್ತೇನಪ್ಪಾ?"

ಲೈಟಕ್ಕನ ಈ ಪ್ರಶ್ನೆಗೆ ಸೇಲ್ಸ್‌ಮನ್ ತಬ್ಬಿಬ್ಬಾದ. ಅವನು ಆಗಷ್ಟೇ ಗಿಳಿಯ ರೆಕ್ಕೆಯ ಒಂದೊಂದು ಎಳೆಯನ್ನೂ ಬೆರಳಿಟ್ಟು ತೋರಿಸಿ ಮುಗಿಸಿದ್ದ. ಅಂಗಡಿಯ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಅದೇ ಗಿಳಿ, ಅದೇ ಜಲಪಾತ, ಅದೇ ಹೋಳು ಮಾಡಿದ ಕಿತ್ತಳೆ ಹಣ್ಣು.

"ಕ್ಯಾಸೆಟ್ ಅಂದ್ರೆ?"

"ವಿಡಿಯೋ ಕ್ಯಾಸೆಟ್ಟು ಕಣಪ್ಪಾ. ಕರೀದು, ಪುಸ್ತಕದಷ್ಟು ದಪ್ಪ ಇರುತ್ತಲ್ಲ."

"ಓ! ಎಲ್ಲಾ ಕಾಣುತ್ತೆ ಆಂಟಿ. ಇದು ಫೋರ್ ಕೆ. ಮುಖದ ಮೇಲಿನ ಮಚ್ಚೆ ಬೇಕಾದ್ರೂ ಎಣಿಸಬಹುದು."

ಹಿಂದೆ ಕೈಕಟ್ಟಿ ನಿಂತಿದ್ದ ಅವಳ ತಮ್ಮ ಜೋರಾಗಿ ಗಂಟಲು ಸರಿಮಾಡಿಕೊಂಡ. ಅವನು ಮೂವತ್ತೈದು ವರ್ಷದಿಂದ ಟಿವಿ ರಿಪೇರಿ ಮಾಡುತ್ತ ಬಂದವನು. ಬಂಧುಬಳಗವೆಲ್ಲ ಅವನನ್ನು ಕರೆಯುವುದೇ ಮೆಕ್ಯಾನಿಕ್ ಎಂದು. ಅಂಥವನನ್ನು ಹೊಸ ಟಿವಿ ಅಂಗಡಿಗೆ ಕರೆತರುವುದೆಂದರೆ ಅಡುಗೆಯವನನ್ನು ಬೇರೆಯವರ ಮನೆ ಊಟಕ್ಕೆ ಕರೆದ ಹಾಗೆ. ಉಣ್ಣುವುದಕ್ಕಿಂತ ಮೂಗು ಮುರಿಯುವುದೇ ಹೆಚ್ಚು.

"ಟೇಪಲ್ಲಿ ಇಲ್ಲದ್ದನ್ನ ಟಿವಿ ಎಲ್ಲಿಂದ ತರುತ್ತೆ ಸ್ವಾಮಿ?" ಎಂದು ಅವನು ಕೇಳಿದ. "ಸುಮ್ನೆ ಅವಳ ತಲೆಗೆ ಹುಳ ಬಿಡಬೇಡಿ. ಅಕ್ಕ, ನಡಿ ಮನೆಗೆ. ಇನ್ನೊಂದು ನಾಲ್ಕು ವರ್ಷ ತಡಿ. ಇಂಥ ಟಿವಿಗೆ ತಕ್ಕ ಕಾರ್ಯಕ್ರಮಗಳೇ ಇನ್ನೂ ಸರಿಯಾಗಿ ಬರ್ತಿಲ್ಲ."

"ನೀನು ಹತ್ತು ವರ್ಷದಿಂದ ನಾಲ್ಕು ವರ್ಷ ತಡಿ ಅಂತಾನೇ ಇದ್ದೀಯ."

"ನೀನು ಕೂರೋದು ಹತ್ತಡಿ ದೂರ. ಕಣ್ಣಲ್ಲಿ ಪೊರೆ ಬೇರೆ. ಆ ದೂರದಿಂದ ನಿನಗೆ ಗಿಳಿ ಯಾವುದು, ಕಿತ್ತಳೆ ಯಾವುದು ಅಂತ ಗೊತ್ತಾದ್ರೆ ಅದೇ ಪುಣ್ಯ."

"ನನಗೆ ಗಿಳಿ ಬೇಕಾಗಿಲ್ಲ ಕಣೋ," ಎಂದಳು ಲೈಟಕ್ಕ. ಏನು ಬೇಕು ಎಂದು ಅವಳು ಹೇಳಲಿಲ್ಲ. ಮೆಕ್ಯಾನಿಕ್‌ಗೆ ಗೊತ್ತಿತ್ತು, ಅದಕ್ಕೇ ಅವನು ಅಷ್ಟು ಒರಟಾಗಿ ಮಾತಾಡುತ್ತಿದ್ದ.

ಅವಳಿಗೆ ಲೈಟಕ್ಕ ಎಂಬ ಹೆಸರು ಬಂದದ್ದು ಗಂಡನಿಂದ, ಅಂದರೆ ಮೆಕ್ಯಾನಿಕ್‌ನ ಭಾವನಿಂದ. ಅವರು ವಿಡಿಯೋ ತೆಗೆಯುವವರು. ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಅಂಗಡಿ ಉದ್ಘಾಟನೆಯಿರಲಿ, ಭಾವನ ಹೆಗಲ ಮೇಲೆ ಕ್ಯಾಮೆರಾ, ಅಕ್ಕನ ಕೈಯಲ್ಲಿ ದೀಪ. ಈಗಿನ ಬೆರಳುದ್ದದ ದೀಪವಲ್ಲ. ಸಾವಿರ ವ್ಯಾಟಿನದು, ಹತ್ತು ನಿಮಿಷ ಹಿಡಿದರೆ ಮೊಣಕೈವರೆಗೂ ಕಾವು ಏರುತ್ತಿತ್ತು. ಕುರ್ಚಿಗಳ ಸಂದಿಯಲ್ಲಿ ವೈರು ಎಳೆದುಕೊಂಡು, ಯಾರದೋ ಕಾಲು ತುಳಿದು, ಯಾರಿಂದಲೋ ಬೈಸಿಕೊಂಡು, ಇಪ್ಪತ್ತೆರಡು ವರ್ಷ ಅವಳು ಭಾವನ ಬಲಗಡೆ ನಿಂತಿದ್ದಳು. ಊರಿನ ಅರ್ಧ ಜನ ವಿಡಿಯೋದಲ್ಲಿ ಬೆಳ್ಳಗೆ ಕಂಡದ್ದು ಅವಳ ಕೃಪೆಯಿಂದ. ಆದರೆ ಅಷ್ಟೂ ಕ್ಯಾಸೆಟ್ಟುಗಳಲ್ಲಿ ಹುಡುಕಿದರೆ ಕ್ಯಾಮೆರಾ ಹಿಡಿದವರೂ ಇಲ್ಲ, ದೀಪ ಹಿಡಿದವಳೂ ಇಲ್ಲ.

ಒಂದೇ ಒಂದು ಸಲ ಅದು ತಿರುವುಮುರುವಾಗಿತ್ತು. ಯಾವುದೋ ಶಾಲೆಯ ಕಾರ್ಯಕ್ರಮ ಮುಗಿದು, ಜನ ಎಲ್ಲ ಹೋಗಿ, ಕ್ಯಾಸೆಟ್ಟಿನಲ್ಲಿ ಇನ್ನೂ ಸ್ವಲ್ಪ ಟೇಪು ಉಳಿದಿತ್ತು. ಭಾವನಿಗೆ ಹುಮ್ಮಸ್ಸು ಬಂತು. "ಇವತ್ತು ನೀನು ಹಿಡಿ, ನಾನು ಹೀರೋ," ಎಂದು ಕ್ಯಾಮೆರಾವನ್ನು ಅವಳ ಹೆಗಲ ಮೇಲಿಟ್ಟು, ಸೈಕಲ್ ಸ್ಟ್ಯಾಂಡಿನ ಗೋಡೆಯ ಹತ್ತಿರ ಹೋಗಿ ನಿಂತರು. ಅವಳು ಉಸಿರು ಬಿಗಿಹಿಡಿದು ನಲವತ್ತು ಸೆಕೆಂಡು ತೆಗೆದಳು. ಮನೆಗೆ ಬಂದು ಹಾಕಿ ನೋಡಿದರೆ ಗೋಡೆ, ಒಂದು ಸೈಕಲ್ಲು, ಎಡ ಅಂಚಿನಲ್ಲಿ ಒಂದು ತೋಳು, ಅರ್ಧ ಕಿವಿ. ಭಾವ ನಕ್ಕು ನಕ್ಕು ಚಾಪೆಯ ಮೇಲೆ ಉರುಳಿಹೋದರು. "ಗೋಡೆ ಬಹಳ ಚೆನ್ನಾಗಿ ಬಂದಿದೆ ಮಾರಾಯ್ತಿ. ಇನ್ಮೇಲೆ ಗೋಡೆ ಆರ್ಡರ್ ಎಲ್ಲ ನಿಂಗೇ," ಎಂದರು. ಅವರಿಗೆ ನಿಜಕ್ಕಿಂತ ಚುಡಾಯಿಸುವುದರಲ್ಲೇ ರುಚಿ.

"ನಾನು ನೋಡಿದಾಗ ಇದ್ರಿ! ಕ್ಯಾಮೆರಾ ಒಳಗೆ ಕಣ್ಣಿಟ್ಟು ನೋಡಿದೀನಿ, ಪೂರ್ತಿ ಇದ್ರಿ!" ಎಂದು ಲೈಟಕ್ಕ ಆವತ್ತೂ ಹೇಳಿದಳು, ಆಮೇಲೂ ಹೇಳಿದಳು. ಯಾರೂ ನಂಬಲಿಲ್ಲ. ಇನ್ನೊಂದು ದಿನ ತೆಗೆದರಾಯಿತು ಎಂದು ಇಬ್ಬರೂ ಅಂದುಕೊಂಡರು. ಆ ಇನ್ನೊಂದು ದಿನ ಬರಲೇ ಇಲ್ಲ. ಕ್ಯಾಮೆರಾ ಹಳತಾಗಿ ಯಾರಿಗೋ ಹೋಯಿತು, ಭಾವ ತೀರಿಕೊಂಡು ಎಂಟು ವರ್ಷವಾಯಿತು. ಫೋಟೋಗಳು ಇವೆ, ಎಲ್ಲದರಲ್ಲೂ ಗುರುತಿನ ಚೀಟಿಗೆ ಕೂತವರ ಹಾಗೆ ಬಿಗಿದುಕೊಂಡಿದ್ದಾರೆ. ಅವರು ಅಲ್ಲಾಡುವುದು, ಉಸಿರಾಡುವುದು ಆ ಒಂದು ತೋಳಿನಲ್ಲಿ ಮಾತ್ರ. ವರ್ಷಕ್ಕೆ ನಾಲ್ಕೈದು ಸಲ ಅವಳು ಅದನ್ನು ಹಾಕಿಕೊಂಡು ನೋಡುತ್ತಾಳೆ. ಬೇರೆ ಕಡೆ ಕೊಟ್ಟು ಕಂಪ್ಯೂಟರಿಗೆ ಹಾಕಿಸೋಣ ಎಂದರೆ ಬಿಡುವುದಿಲ್ಲ. ಹಿಂದೊಮ್ಮೆ ಇನ್ನೊಂದು ಕ್ಯಾಸೆಟ್ಟು ಕೊಟ್ಟಾಗ ಅದು ಟೇಪಿನ ಸಿಕ್ಕಾಗಿ ವಾಪಸು ಬಂದಿತ್ತು.

ಹೊಸ ಟಿವಿಯಲ್ಲಿ ಎಲ್ಲವೂ ಸ್ಪಷ್ಟ ಎಂದು ಯಾರೋ ಹೇಳಿದ್ದೇ ತಡ, ಆ ಅರ್ಧ ಕಿವಿಯ ಆಚೆಗೆ ಇನ್ನಷ್ಟು ಕಾಣಬಹುದು ಎಂಬ ಆಸೆ ಅವಳಲ್ಲಿ ಹುಟ್ಟಿಕೊಂಡಿತು. ಮೆಕ್ಯಾನಿಕ್ ಹೆದರುತ್ತಿದ್ದುದು ಅದಕ್ಕೇ.

ಆದರೂ ಟಿವಿ ಬಂತು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಲೈಟಕ್ಕನ ಮಗಳು ಯಾರನ್ನೂ ಕೇಳದೆ ಆರ್ಡರ್ ಮಾಡಿಬಿಟ್ಟಳು. "ಮಾವಾ, ಅಮ್ಮ ಆಸೆಪಟ್ಟು ಕೇಳಿದ್ದು ಇದೊಂದೇ. ಕಾಣಲಿ ಬಿಡಲಿ, ನೋಡೇಬಿಡ್ಲಿ," ಎಂದು ಫೋನಿನಲ್ಲಿ ಹೇಳಿದಳು. ಕಂಪನಿಯವನು ಬಂದು ಜೋಡಿಸುತ್ತಾನೆ ಎಂದು ಕೇಳಿದ್ದೇ ಮೆಕ್ಯಾನಿಕ್ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಹಾಜರಾದ. ಬೇಡವೆಂದದ್ದು ತಾನೇ ಆದರೂ ಅಕ್ಕನ ಮನೆಯ ಟಿವಿಗೆ ಬೇರೆಯವನ ಕೈ ತಗುಲುವುದು ಅವನಿಂದ ಸಹಿಸಲಾಗದ ಮಾತು.

ಮೊದಲು ಹಳೆಯದನ್ನು ಇಳಿಸಬೇಕಿತ್ತು. ಭಾವ ಚಾಪೆಯ ಮೇಲೆ ಉರುಳಿ ನಕ್ಕ ದಿನ ಇದ್ದದ್ದೂ ಇದೇ, ಹಿಂದೆ ಹೊಟ್ಟೆ ಇರುವ ಟಿವಿ, ಇಬ್ಬರು ಹಿಡಿದರೂ ಸೊಂಟ ಹಿಡಿಯುವಷ್ಟು ಭಾರ. ಮೂರು ಸಲ ಅವನೇ ಬಿಚ್ಚಿ ಬದುಕಿಸಿದ್ದ. ಅದರ ನೆತ್ತಿ ತಟ್ಟುತ್ತ, "ನೋಡು, ಈಗಲೂ ಪರದೆ ತುಂಬ ಚಿತ್ರ. ಮೂಲೆಯಲ್ಲಿ ಒಂದು ಎಳೆ ಕರಿ ಬಿಟ್ಟಿಲ್ಲ. ಈ ಕೈಯಲ್ಲಿ ರಿಪೇರಿಯಾದ ಯಾವ ಸೆಟ್ಟಲ್ಲೂ ಬಿಟ್ಟಿಲ್ಲ," ಎಂದ.

"ಹೊಗಳಿಕೊಂಡಿದ್ದು ಸಾಕು, ಎತ್ತು," ಎಂದಳು ಲೈಟಕ್ಕ.

ಮಧ್ಯಾಹ್ನದ ಹೊತ್ತಿಗೆ ಹೊಸದು ಗೋಡೆಗೆ ಏರಿತು. ಕ್ಯಾಸೆಟ್ಟು ಓಡಿಸುವ ವಿಸಿಆರ್‌ನ ಹಳದಿ, ಕೆಂಪು, ಬಿಳಿ ವೈರುಗಳಿಗೆ ಅದರಲ್ಲಿ ತೂತುಗಳೇ ಇರಲಿಲ್ಲ. ಮೆಕ್ಯಾನಿಕ್ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಅಡಾಪ್ಟರ್ ತಂದಿದ್ದ. ವಿಸಿಆರ್ ಬಿಚ್ಚಿ ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಮಗಳು ಕಿಟಕಿಯ ಪರದೆ ಎಳೆದಳು. ಲೈಟಕ್ಕ ಹತ್ತಡಿ ದೂರದಲ್ಲಿ ತನ್ನ ಮಾಮೂಲಿ ಕುರ್ಚಿಯಲ್ಲಿ ಕೂತು, ಕನ್ನಡಕವನ್ನು ಸೆರಗಿನಿಂದ ಎರಡು ಸಲ ಒರೆಸಿಕೊಂಡಳು.

ಗೋಡೆ ಬಂತು. ಸೈಕಲ್ಲು ಬಂತು. ಆದರೆ ಎಂಥ ಗೋಡೆ, ಎಂಥ ಸೈಕಲ್ಲು! ಎಲ್ಲ ಅಡ್ಡಡ್ಡ ಹಿಗ್ಗಿ, ಗೋಡೆ ನೀರಿನಲ್ಲಿ ನೆನೆದ ರಟ್ಟಿನಂತೆ ಊದಿಕೊಂಡಿತ್ತು. ಸೈಕಲ್ಲಿನ ಕಡ್ಡಿಗಳು ಒಂದಕ್ಕೊಂದು ಕಲಸಿಹೋಗಿದ್ದವು. ಎಡ ಅಂಚಿನಲ್ಲಿದ್ದ ತೋಳು ಯಾರ ತೋಳಾದರೂ ಆಗಬಹುದಿತ್ತು. ಹಳೆಯ ಟಿವಿಯಲ್ಲಿ ಅಂಗಿಯ ಗೆರೆಗಳಾದರೂ ಕಾಣುತ್ತಿದ್ದವು.

ನಲವತ್ತು ಸೆಕೆಂಡು ಮುಗಿದು ಪರದೆ ನೀಲಿಯಾಯಿತು.

"ಇದಕ್ಕಿಂತ ಅದೇ ವಾಸಿಯಾಗಿತ್ತು," ಎಂದಳು ಲೈಟಕ್ಕ, ಮೆಲ್ಲಗೆ. "ನೀನು ಹೇಳಿದ್ದೇ ಸರಿ ಬಿಡು."

ಅವನು ಗೆದ್ದಿದ್ದ. ಆದರೆ ಅಕ್ಕ ಹಾಗೆ ಸೋತು ಮಾತಾಡಿದ್ದನ್ನು ಅವನು ಭಾವ ತೀರಿಕೊಂಡ ವಾರದಲ್ಲೂ ಕೇಳಿರಲಿಲ್ಲ. "ತಾಳು, ತಾಳು. ಸೆಟ್ಟಿಂಗ್ ಸರಿಯಿಲ್ಲ. ಅಗಲ ಆದ್ರೂ ಸರಿಮಾಡ್ತೀನಿ," ಎಂದು ರಿಮೋಟು ಕಸಿದುಕೊಂಡ. ಇದು ತನಗೇ ಹೊಸ ವಿದ್ಯೆ ಎಂಬುದನ್ನು ಮರೆಸಲು ಗೊಣಗುತ್ತ, ಒಂದೊಂದೇ ಪಟ್ಟಿಯನ್ನು ತೆರೆದು ಮುಚ್ಚಿದ. ಚಿತ್ರ ಕುಗ್ಗಿ ಹಳೆಯ ಅಳತೆಗೆ ಬಂತು, ಎರಡೂ ಬದಿಗೆ ಕಪ್ಪು ಪಟ್ಟಿ ಬಿತ್ತು. ಅದೇ ಸೆಟ್ಟಿಂಗಿನ ಕೆಳಗೆ ಇನ್ನೊಂದು ಆಯ್ಕೆಯಿತ್ತು, ಚಿತ್ರವನ್ನು ಒಂದು ಚೂರೂ ಕತ್ತರಿಸದೆ ತೋರಿಸುವುದು. ಅದನ್ನೂ ಒತ್ತಿದ. ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ.

ಚಿತ್ರದ ಬುಡದಲ್ಲಿ ಒಂದು ಗೆರೆ ಚಟಪಟ ಕುಣಿಯತೊಡಗಿತು.

"ಅದೇನು ಮಾವ, ಕೆಟ್ಟೋಯ್ತಾ?" ಎಂದಳು ಮಗಳು.

"ಇಲ್ಲಮ್ಮ. ಅದು ಟೇಪಲ್ಲಿ ಯಾವಾಗ್ಲೂ ಇರುತ್ತೆ. ಹಳೇ ಟಿವಿಗಳು ಸುತ್ತಲೂ ಸ್ವಲ್ಪ ಅಂಚು ನುಂಗಿಬಿಡ್ತಿದ್ವು, ಕಾಣ್ತಿರಲಿಲ್ಲ. ಈಗ ಟೇಪಲ್ಲಿ ಇರೋದೆಲ್ಲ..."

ಮಾತು ಅಲ್ಲಿಗೇ ನಿಂತಿತು. ಎಡಗಡೆಯಲ್ಲಿ ತೋಳಿನ ಆಚೆ, ಅರ್ಧ ಕಿವಿಯ ಆಚೆ, ನಾಲ್ಕು ಬೆರಳಗಲ ಹೊಸ ಜಾಗ ತೆರೆದುಕೊಂಡಿತ್ತು. ಅಲ್ಲಿ ಭಾವ ನಿಂತಿದ್ದರು.

ಮುಖ ಸ್ಪಷ್ಟವೇನಿರಲಿಲ್ಲ. ಮೂಗು ಯಾವುದು ಕೆನ್ನೆ ಯಾವುದು ಎಂದು ಬಿಡಿಸಿ ಹೇಳುವ ಹಾಗಿರಲಿಲ್ಲ. ಮಚ್ಚೆ ಎಣಿಸುವ ಮಾತಂತೂ ದೂರವೇ ಉಳಿಯಿತು. ಆದರೆ ತಲೆಯನ್ನು ಒಂದು ಕಡೆ ವಾಲಿಸಿ ನಿಲ್ಲುವ ರೀತಿ ಅವರದೇ. ಕಾಲರಿನ ಗುಂಡಿ ಹಾಕಿಕೊಂಡರು. ಕೂದಲ ಮೇಲೆ ಅಂಗೈ ಆಡಿಸಿದರು. ಆಮೇಲೆ ಎರಡು ಕೈಗಳನ್ನೂ ಪಕ್ಕಕ್ಕೆ ಇಳಿಬಿಟ್ಟು, ಕ್ಯಾಮೆರಾವನ್ನಲ್ಲ, ಅದನ್ನು ಹೊತ್ತು ನಿಂತವಳನ್ನು ನೋಡಿ ನಕ್ಕರು. ಆ ನಗುವನ್ನು ಗುರುತಿಸಲು ಯಾವ ಕೆ ಕೂಡ ಬೇಕಾಗಿರಲಿಲ್ಲ.

"ಅಪ್ಪ," ಎಂದಳು ಮಗಳು. ಚಿಕ್ಕವಳಾಗಿದ್ದಾಗ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳಲ್ಲ, ಅದೇ ದನಿಯಲ್ಲಿ.

ಪರದೆ ನೀಲಿಯಾಯಿತು. ಲೈಟಕ್ಕ ಕುರ್ಚಿಯಿಂದ ಎದ್ದು ನಿಂತಿದ್ದಳು.

"ನಾನು ಹೇಳಲಿಲ್ವಾ? ಇದ್ರು ಅಂತ ಹೇಳಲಿಲ್ವಾ ನಾನು? ನಾನು ನೋಡಿದ್ದೆ ಕಣೋ. ಕಣ್ಣಾರೆ ನೋಡಿದ್ದೆ."

"ನೀನು ಹೇಳಿದ್ದೆ ಅಕ್ಕ."

ಮೆಕ್ಯಾನಿಕ್ ಕೆಳಗಿಳಿಸಿಟ್ಟಿದ್ದ ಹಳೆಯ ಟಿವಿಯ ಕಡೆ ತಿರುಗಿದ. ಅವನಿಗೆ ಎಲ್ಲ ಒಟ್ಟಿಗೆ ಹೊಳೆದಿತ್ತು. ಟಿವಿಗಳು ಅಂಚು ನುಂಗುವುದು ನಿಜ, ಆದರೆ ಈ ಹೊಸದು ಮೊದಲು ಮಾಡಿದ ಹಾಗೆ ಚಿತ್ರವನ್ನು ಹಿಗ್ಗಿಸದ ಹೊರತು ಇಷ್ಟು ನುಂಗುವುದಿಲ್ಲ. ಮೂಲೆಯಲ್ಲಿ ಕರಿ ಕಂಡರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆಂದು ಅವನು ಬಿಚ್ಚಿದ ಪ್ರತಿ ಸೆಟ್ಟಿನಲ್ಲೂ ಒಳಗಿನ ತಿರುಪು ತಿರುಗಿಸಿ ಚಿತ್ರವನ್ನು ಒಂದು ಸುತ್ತು ಹೆಚ್ಚೇ ಹಿಗ್ಗಿಸಿಡುತ್ತಿದ್ದ. ಅಕ್ಕನ ಸೆಟ್ಟು ಎಂದು ಇದಕ್ಕೆ ಇನ್ನೂ ಅರ್ಧ ಸುತ್ತು. ಪ್ರೀತಿಯಿಂದ ಮಾಡಿದ್ದು. ಇಷ್ಟು ವರ್ಷದಲ್ಲಿ ಯಾವತ್ತಾದರೂ ಒಂದು ದಿನ ಆ ತಿರುಪನ್ನು ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು. ಭಾವ ಬದುಕಿದ್ದಾಗಲೇ, ಚಾಪೆಯ ಮೇಲೆ ಅವರು ಉರುಳಾಡಿ ನಕ್ಕ ಸಂಜೆಯೇ ತಿರುಗಿಸಬಹುದಿತ್ತು.

"ಅಕ್ಕ," ಎಂದ. "ಭಾವನ್ನ ಆಚೆಗೆ ತಳ್ಳಿದ್ದು ನಿನ್ನ ಕ್ಯಾಮೆರಾ ಅಲ್ಲ. ನಾನು. ಚಿತ್ರ ತುಂಬಿರಲಿ ಅಂತ ನಾನೇ ಹಿಗ್ಗಿಸಿಟ್ಟಿದ್ದೆ. ಅಷ್ಟೂ ದಿನ ಅವರು ಅಲ್ಲೇ ಇದ್ರು. ಒಂದು ಸ್ಕ್ರೂ... ಒಂದು ಸ್ಕ್ರೂ ತಿರುಗಿಸಿದ್ರೆ ಸಾಕಿತ್ತು."

ಲೈಟಕ್ಕ ಅವನನ್ನು ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಮುಖದಲ್ಲಿ ಸಿಟ್ಟೇ ಬಂತು, ನಿಜವಾದ ಸಿಟ್ಟು. ಆಮೇಲೆ ನೀಲಿ ಪರದೆಯ ಕಡೆ ತಿರುಗಿದಳು.

"ಮೊದ್ಲು ಹಿಂದಕ್ಕೆ ಹಾಕು," ಎಂದಳು. "ಬೈಯೋದು ಆಮೇಲೆ ಬೈತೀನಿ."

ಅವನು ಹಾಕಿದ. ವಿಸಿಆರ್ ಕಿರ್ರೆಂದು ಟೇಪನ್ನು ಹಿಂದಕ್ಕೆ ಎಳೆದುಕೊಂಡಿತು. ಲೈಟಕ್ಕ ಕುರ್ಚಿಯನ್ನು ದರದರ ಎಳೆದು ತಂದು ಟಿವಿಯ ಎಡ ಅಂಚಿಗೆ, ಗೋಡೆಗೆ ಒತ್ತಿ ಹಾಕಿಕೊಂಡು ಕೂತಳು. ಮೊಣಕೈ ಗೋಡೆಗೆ ತಗುಲುತ್ತಿತ್ತು. ಅಲ್ಲಿಂದ ಅವಳಿಗೆ ಉಳಿದ ಚಿತ್ರ ಸರಿಯಾಗಿ ಕಾಣುವಂತಿರಲಿಲ್ಲ. ಅಷ್ಟು ದೊಡ್ಡ ಚಿತ್ರದ ತುಂಬ ಗೋಡೆ, ಸೈಕಲ್ಲು, ಯಾರೂ ನೋಡದ ಬಿಸಿಲು. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಆ ನಾಲ್ಕು ಬೆರಳಗಲದ ಜಾಗಕ್ಕೆ ಮುಖ ಹತ್ತಿರ ತಂದಳು.