ಬಿತ್ತನೆ ಗೋಧಿ ತುಂಬಿದ ಶವಪೆಟ್ಟಿಗೆ

"ಇಳಿಸ್ರಲಾ ಕೆಳೀಕೆ! ಮುದ್ಕಿ ಇನ್ನೂ ಸತ್ತಿಲ್ಲ, ಪೆಟ್ಗೆ ಮಾತ್ರ ಆಗ್ಲೇ ಹೊಟ್ಟೆ ತುಂಬಿಸ್ಕೊಂಡು ಮಲಗೈತೆ!"

ಅಟ್ಟದ ಏಣಿಯ ಮೇಲೆ ನಿಂತು ಪಾಖೋಮ್ ಹಲ್ಲು ಕಿರಿಯುತ್ತಿದ್ದ. ವೋಲ್ಗಾ ದಂಡೆಯ ಆ ಊರಲ್ಲಿ ವಯಸ್ಸಾದವರು ತಮ್ಮ ಶವಪೆಟ್ಟಿಗೆಯನ್ನು ತಾವೇ ಮಾಡಿಸಿ ಅಟ್ಟದಲ್ಲಿಟ್ಟು, ಸಾವು ಬರುವ ತನಕ ಅದರಲ್ಲಿ ಕಾಳು ತುಂಬಿಡುತ್ತಾರೆ. ಕೆಂಪು ಸರ್ಕಾರಕ್ಕಾಗಿ ದವಸ ಎತ್ತಲು ಪಟ್ಟಣದಿಂದ ಬಂದ ದಳದವರಿಗೆ ಇದು ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ಊರಿನವನೇ ಆದ ಪಾಖೋಮ್ ತೋರಿಸಿಕೊಟ್ಟ. ತೋರಿಸಿದವನಿಗೆ ಒಂದು ಪಾಲು ಸಿಗುತ್ತಿತ್ತು.

"ನಿನ್ನ ಹೊಕ್ಕುಳಬಳ್ಳಿ ಕುಯ್ದೋಳು ನಾನು ಕಣ್ಲಾ, ಹಾದರಕ್ಕುಟ್ಟಿದೋನೇ!" ಪೆಟ್ಟಿಗೆಯ ಒಡತಿ, ಮುದುಕಿ ಫೆಕ್ಲಾ ಕೆಳಗಿನಿಂದ ಕಿರುಚಿದಳು. "ಅವತ್ತೇ ಕತ್ತು ಕುಯ್ದಿದ್ರೆ ಊರಿಗೆ ಪುಣ್ಯ ಬತ್ತಿತ್ತು!"

ದಳದ ನಾಯಕ ಲುಕ್ಯಾನೊವ್ ಗಿರಣಿ ಕೂಲಿ. ತೊಗಲಿನ ಕೋಟು ಅವನ ಮೈಮೇಲೆ ಜೋಲಾಡುತ್ತಿತ್ತು.

"ಅಜ್ಜೀ, ಪಟ್ಟಣದಲ್ಲಿ ರೊಟ್ಟಿ ಇಲ್ಲ. ಧಣಿಗಳ ಕಡೆಯ ಬಿಳಿ ಸೇನೆ ಇನ್ನೂ ಸತ್ತಿಲ್ಲ. ಈ ಸರ್ಕಾರ ಬಿದ್ರೆ ನಿಮ್ಮ ಜಮೀನ್ದಾರ ವಾಪಸ್ ಬರ್ತಾನೆ, ನೆಲ ಕಿತ್ಕೋತಾನೆ. ನಿನ್ನ ಮಗನೂ ನಮ್ಮ ದಂಡಲ್ಲೇ ಇದಾನಲ್ವಾ? ಅವನ ಹೊಟ್ಟೆಗೇ ಹೋಗೋದು ಇದು."

"ತಿನ್ನೋ ಗೋಧಿ ಚಳಿಗಾಲದಾಗೇ ಕೊಟ್ಟೆ. ಮಗ ಉಣ್ಲಿ ಅಂತ ಕೊಟ್ಟೆ. ಒಲೆ ಪಕ್ಕ ಬಿದ್ಕೊಂಡವಲ್ಲ ಮೊಮ್ಮಕ್ಳು, ಮರದ ತೊಗಟೆ ಬೆರ್ಸಿದ ರೊಟ್ಟಿ ತಿಂದು ಹೊಟ್ಟೆ ಉಬ್ಬಿಸ್ಕೊಂಡವೆ. ಇದು ಬಿತ್ತೋದು ಕಣಪ್ಪಾ! ನೆಲ ಕೊಟ್ಟೋರೂ ನೀವೇ. ಅದ್ರಾಗೆ ಏನ್ ಬಿತ್ಲಿ, ನಿನ್ ತಲೇನಾ? ಮುಂದಿನ್ ವರ್ಷ ನಿನ್ ಸರ್ಕಾರಕ್ಕೆ ಏನ್ ಬಡಿಸ್ಲಿ?"

"ಮುಂದಿನ ವರ್ಷದ ತನಕ ಸರ್ಕಾರ ಇರಬೇಕಲ್ಲ," ಎಂದ ಲುಕ್ಯಾನೊವ್. ಅವನು ಅವಳ ಮುಖ ನೋಡಲಿಲ್ಲ. "ತುಂಬ್ರೋ."

ಅಯ್ಯೋ, ಧಣಿಯ ಹೊಲ ಹಂಚಿದ ದಿನ ಇದೇ ಫೆಕ್ಲಾ ಬರಿಗಾಲಲ್ಲಿ ತನ್ನ ಪಾಲನ್ನು ಮೂರು ಸಲ ಸುತ್ತಿ, ಕೆಂಪು ಬಾವುಟಕ್ಕೆ ಮುತ್ತಿಟ್ಟಿದ್ದಳು! ಈಗ ಹೊಳೆಯ ಮೇಲಿನ ಮಂಜುಗಡ್ಡೆ ಒಡೆದಾಗಿತ್ತು. ಕೆಸರು ಆರಿದರೆ ಬಿತ್ತನೆ. ಅವಳ ಕಣ್ಣೆದುರೇ ಗೋಧಿ ಸುರಸುರನೆ ಚೀಲಕ್ಕಿಳಿಯಿತು. ಪಾಖೋಮ್ ತನ್ನ ಪಾಲನ್ನು ಟೊಪ್ಪಿಗೆಯಲ್ಲಿ ತುಂಬಿಕೊಂಡ. ಬರಿದಾದ ಪೆಟ್ಟಿಗೆಯನ್ನು ಅಂಗಳಕ್ಕೆ ಒದ್ದರು.

ಗಾಡಿ ಹೊರಡುವಷ್ಟರಲ್ಲಿ ಫೆಕ್ಲಾ ಪೆಟ್ಟಿಗೆಯನ್ನು ಕೆಸರಿನಲ್ಲಿ ಎಳೆದು ತಂದು ದಾರಿಗೆ ಅಡ್ಡ ಇಟ್ಟಳು. ತಲೆವಸ್ತ್ರ ಸರಿಮಾಡಿಕೊಂಡು, ಅದರೊಳಗೆ ಕಾಲು ನೀಡಿ ಮಲಗಿದಳು.

"ಹೂಂ, ಓಡ್ಸಿ. ಮೊಮ್ಮಕ್ಳುನ್ನೂ ತಂದು ಪಕ್ಕದಾಗೆ ಹಾಕಿ. ಬೇರೆ ಪೆಟ್ಗೆ ಮಾಡ್ಸೋ ಖರ್ಚು ಉಳೀತದೆ."

"ಏಳು ಅಜ್ಜೀ! ಗಾಡಿ ಹಾಯಿಸ್ತೀನಿ ನೋಡು!" ಲುಕ್ಯಾನೊವ್ ಚಾವಟಿ ಎತ್ತಿದ.

ಅವಳು ಏಳಲಿಲ್ಲ. ಪಕ್ಕೆಲುಬು ಎದ್ದ ಆ ಗಾಡಿ ಕುದುರೆಯ ಬೆನ್ನ ಮೇಲೆ ಏಟು ಬಿತ್ತು, ಮತ್ತೊಂದು ಬಿತ್ತು. ಕುದುರೆ ಒಂದು ಹೆಜ್ಜೆ ಮುಂದಿಟ್ಟು, ಪೆಟ್ಟಿಗೆಯೊಳಗೆ ಮೂತಿ ಇಳಿಸಿ, ಅವಳ ಕಿವಿಯ ಪಕ್ಕ ಉಳಿದಿದ್ದ ನಾಲ್ಕು ಕಾಳನ್ನು ತುಟಿಯಿಂದ ಹೆಕ್ಕತೊಡಗಿತು.