ಬಟನ್ ಒತ್ತಿದರೆ ಏಳಬೇಕು

ಜಗಳೂರಿನ ತಿಪ್ಪೇಶನ ಟೆಂಪೋ ಸಾಸ್ವೆಹಳ್ಳಿಯ ಆ ಮನೆ ಮುಂದೆ ಬಂದು ನಿಂತಾಗ ಅಂಗಳದಲ್ಲಿ ಬೈಕಿನ ಸೀಟು ಕಳಚಿ ಬಿದ್ದಿತ್ತು. ಹಳೇ ಬೈಕು ಕೊಂಡು ಬಿಚ್ಚಿ ಮಾರುವುದು ತಿಪ್ಪೇಶನ ಕಸುಬು. ಎಂಜಿನ್ ಆರಿಸದೆಯೇ ಇಳಿದ.

"ಏನಕ್ಕಾ, ನನ್ನ ಕೆಲ್ಸ ನೀವೇ ಶುರು ಮಾಡೀರಿ?"

ಸೀಟಿನಡಿಯ ವೈರುಗಳನ್ನು ನೋಡುತ್ತಿದ್ದ ಕಲ್ಪನಾ ತಲೆ ಎತ್ತಲಿಲ್ಲ. ದೂರದ ಸವಾರಿಗೆಂದೇ ಮಾಡಿದ ದೊಡ್ಡ ಬೈಕು ಅದು. ಹಳೆಯದು. ಕಿಕ್ಕರ್ ಇಲ್ಲ, ಸೆಲ್ಫ್ ಮಾತ್ರ. ಅವಳ ಗಂಡ ರೇಣುಕಪ್ರಸಾದ್ ಅದರ ಮೇಲೆ ಅವಳಿಗೆ ಊರೂರು ತೋರಿಸಿದ್ದ. ಅಡಿಕೆ ಸುಲಿಯುವ ಯಂತ್ರಕ್ಕೆ ಎಡಗೈ ಸಿಕ್ಕಿ ಬೆರಳು ಮಡಚದಂತಾದ ಮೇಲೆ ಕ್ಲಚ್ ಹಿಡಿಯಲಾಗದೆ ಮಂಚ ಹಿಡಿದ. ಆಮೇಲೆ ಅವಳೇ ಓಡಿಸಲು ಕಲಿತಳು. ಅವಳು ಮುಂದೆ, ಅವನು ಹಿಂದೆ. ಅವನು ಮತ್ತೆ ನಕ್ಕಿದ್ದು ಆ ಹಿಂದಿನ ಸೀಟಿನಲ್ಲೇ. ಬೈಕು ಹೋದರೆ ಅವನು ಮತ್ತೆ ಮಂಚಕ್ಕೇ ಎಂಬುದು ಅವಳ ಭಯ.

ಆಯುಧಪೂಜೆಗೆ ಪಂಪಿನ ನೀರಲ್ಲಿ ತೊಳೆದದ್ದೇ ಕೊನೆ, ಆಮೇಲೆ ಅದು ಎದ್ದಿರಲಿಲ್ಲ. ಒಳಗೆ ನೀರು ಹೊಕ್ಕಿದೆ, ವೈರಿಂಗ್ ಪೂರಾ ಬಿಚ್ಚಬೇಕು ಅಂದಿದ್ದ ಚನ್ನಗಿರಿಯ ಮೆಕ್ಯಾನಿಕ್. ಒಣಗಿಸಿದ್ದಾಯಿತು, ಹೊಸ ಬ್ಯಾಟರಿ ಹಾಕಿದ್ದೂ ಆಯಿತು.

"ತಳ್ಳಿ ಸ್ಟಾರ್ಟ್ ಮಾಡೋದು ಲೆಕ್ಕಕ್ಕಿಲ್ಲ," ಎಂದರು ಜಗಲಿ ಮೇಲಿದ್ದ ಮಾವ ಮುರುಗೇಶಪ್ಪ. ತಿಪ್ಪೇಶನನ್ನು ಕರೆಸಿದ್ದು ಅವರೇ. "ನ್ಯಾಮತಿ ಆಚೆ ಎಲ್ಲೋ ನಿಂತ್ರೆ ನೀನು ತಳ್ತೀಯಾ, ಒಂದು ಕೈಯಾಗೆ ಇವ್ನು ತಳ್ತಾನಾ? ಬಟನ್ ಒತ್ತಿದ್ರೆ ಏಳಬೇಕು. ಇಲ್ಲಾಂದ್ರೆ ಟೆಂಪೋ ಹತ್ತಲಿ."

"ಪೂಜೆ ಮಾಡಿದ ದಿನದಿಂದ್ಲೇ ಮಲಗೈತೆ," ಎಂದರು ಬಾಗಿಲಲ್ಲಿದ್ದ ಅತ್ತೆ ನಿರ್ಮಲಮ್ಮ. "ದೇವ್ರಿಗೇ ಬ್ಯಾಡಾಗೈತೆ ಅಂತ ತಿಳೀಬೇಕು."

ರೇಣುಕಪ್ರಸಾದ್ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಲೈಟ್ ಹಾಕು."

ಬೆಳಕು ಮಂಕಾಗಿರಲಿಲ್ಲ. ಹಾರ್ನಿಗೆ ಕೋಳಿ ಬೆದರಿ ಓಡಿತು. ಫ್ಯೂಸ್ ನೆಟ್ಟಗಿತ್ತು, ನ್ಯೂಟ್ರಲ್ ದೀಪ ಹಸಿರಾಗಿತ್ತು. ಕ್ಲಚ್ ಹಿಡಿದು ಬಟನ್ ಒತ್ತಿದಳು. ಉಸಿರೇ ಇಲ್ಲ.

"ಯಜಮಾನ್ರೆ, ಹಗ್ಗ ತರ್ಲಾ?" ಎಂದ ತಿಪ್ಪೇಶ.

"ಮೊದ್ಲು ಟೆಂಪೋ ಆರ್ಸು ಮಾರಾಯ," ಎಂದ ರೇಣುಕಪ್ರಸಾದ್. "ನಂಗೆ ಕೇಳ್ಬೇಕು."

ಅಂಗಳ ಸುಮ್ಮನಾಯಿತು. "ಕಲ್ಪನಾ, ಕ್ಲಚ್ ಹಿಡಿ. ಬಿಡು. ಇನ್ನೊಂದ್ಸಲ." ಅವನು ಹ್ಯಾಂಡಲಿಗೆ ಕಿವಿ ಕೊಟ್ಟ. "ಹಿಡಿದಾಗ ಸಣ್ಣಗೆ ಟಿಕ್ ಅಂತಿತ್ತು. ಈಗ ಅಂತಿಲ್ಲ. ಕ್ಲಚ್ ಹಿಡಿ ಬುಡದಾಗೆ ಒಂದು ಸ್ವಿಚ್ ಐತೆ ನೋಡು. ಅದರ ಗುಂಡಿ ಹೊರಗೆ ಬರದಿದ್ರೆ ಸೆಲ್ಫಿಗೆ ಕರೆಂಟೇ ಹೋಗಲ್ಲ."

ಅವಳು ಬಗ್ಗಿ ನೋಡಿದಳು. ಗುಂಡಿ ಒಳಗೇ ಕಚ್ಚಿಕೊಂಡಿತ್ತು, ಸುತ್ತ ಸುಣ್ಣದಂತೆ ಏನೋ ಗಟ್ಟಿಯಾಗಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೆರೆದಳು. ಬೆರಳ ಮೇಲೆ ಬೂದು ಬಿಳಿಯ ಪುಡಿ ಉದುರಿತು.

ವಿಭೂತಿ. ಪೂಜೆಯ ದಿನ ಅತ್ತೆ ನೀರಲ್ಲಿ ಕಲಸಿ ಇಡೀ ಬೈಕಿಗೆ ಹಚ್ಚಿದ್ದರು.

"ಏನೇ ಅದು?" ನಿರ್ಮಲಮ್ಮ ಮೆಟ್ಟಿಲಿಳಿದು ಬಂದರು.

"ಮಣ್ಣು, ಅತ್ತೆ."

"ಹ್ಞೂಂ, ಮಣ್ಣೇ," ಎಂದ ರೇಣುಕಪ್ರಸಾದ್, ತಾಯಿಯತ್ತ ನೋಡದೆ.

ನಿರ್ಮಲಮ್ಮ ಸೊಸೆಯ ಬೆರಳು ಹಿಡಿದು ಉಜ್ಜಿ ನೋಡಿದರು. ದಿನಾ ಹಣೆಗೆ ಹಚ್ಚುವ ಕೈ ಅದು.

"ಈ ಹಿಡಿ ಹಿಡಿಯಾಕೆ ನಿನಗೆ ಆಗ್ತಿರಲಿಲ್ಲಲ್ಲಪ್ಪ," ಎಂದರು ಮಗನಿಗೆ. "ಅದಕ್ಕೇ ಅಲ್ಲಿ ಜಾಸ್ತಿ ಹಚ್ಚಿದ್ದೆ."

ಕಲ್ಪನಾ ಮತ್ತೆ ಬಟನ್ ಒತ್ತಿದಳು. ಏನೂ ಇಲ್ಲ. ಗುಂಡಿ ಅಲುಗಾಡಿರಲಿಲ್ಲ. ಜೋರಾಗಿ ಕೆರೆದರೆ ಮುರಿದೇಹೋಗುವಷ್ಟು ಸಣ್ಣದು. ತಿಪ್ಪೇಶ ಟೆಂಪೋದ ಹಿಂಬಾಗಿಲು ಇಳಿಸಿದ ಸದ್ದು ಕೇಳಿತು.

"ತಡಿಯೋ," ಎಂದರು ನಿರ್ಮಲಮ್ಮ. ಒಳಗೆ ಹೋಗಿ ಕೊಬ್ಬರಿ ಎಣ್ಣೆ ಬಾಟಲಿ, ಒಂದು ದೀಪದ ಬತ್ತಿ ತಂದರು. ಬತ್ತಿಯ ತುದಿ ಅದ್ದಿ ತಾವೇ ಗುಂಡಿಗೆ ಒಂದು ಹನಿ ಬಿಟ್ಟರು. ಕಲ್ಪನಾ ಮೆಲ್ಲಗೆ ಕ್ಲಚ್ ಹಿಡಿದಳು, ಬಿಟ್ಟಳು. ಹಿಡಿದಳು, ಬಿಟ್ಟಳು.

ಟಿಕ್.

ರೇಣುಕಪ್ರಸಾದ್ ಕಣ್ಣು ಮುಚ್ಚಿದ. "ಒತ್ತು."

ಸೆಲ್ಫ್ ಗರಗರ ಎಂದಿತು, ನಿಂತಿತು. ಮತ್ತೊಮ್ಮೆ ಒತ್ತಿದಳು. ಹೊಗೆ ಕಕ್ಕಿ, ಕೆಮ್ಮಿ, ಇಡೀ ಬೈಕು ಮೈ ಕೊಡವಿಕೊಂಡು ಎದ್ದಿತು.

ಮುರುಗೇಶಪ್ಪ ಅದರ ಸದ್ದನ್ನು ಸ್ವಲ್ಪ ಹೊತ್ತು ಕೇಳಿದರು. "ಆರ್ಸಿ ಇನ್ನೊಂದ್ಸಲ ಒತ್ತು," ಎಂದರು. ಆಗಲೂ ಎದ್ದಿತು.

"ತಿಪ್ಪೇಶ, ಕಾಫಿ ಕುಡ್ದು ಹೋಗಪ್ಪ," ಎಂದರು ಮಾವ.

"ಬರೀ ಕಾಫಿಗೆ ಜಗಳೂರಿಂದ ಬರಬೇಕಿತ್ತಾ ಯಜಮಾನ್ರೆ," ಎನ್ನುತ್ತಾ ಅವನು ಟೆಂಪೋದ ಬಾಗಿಲು ಮುಚ್ಚಿದ.

ನಿರ್ಮಲಮ್ಮ ಬಾಟಲಿ ಮುಚ್ಚಳ ತಿರುಗಿಸುತ್ತಾ ಸೊಸೆಯ ಪಕ್ಕ ನಿಂತರು. "ಮುಂದಿನ ಸರ್ತಿ ಎಲ್ಲೆಲ್ಲಿ ಹಚ್ಚಬಾರ್ದು, ಈಗ್ಲೇ ತೋರ್ಸು."